ಬೆನ್ನಿಗೆ ಹತ್ತಿದ ಮಣ್ಣು

ಮೆಣಸಿನಕಾಯಿಯ ತೊಟ್ಟು ಮುರಿದು ಮುರಿದು ಹೆಂಗಸರ ಬೆರಳುಗಳು ಉರಿಯುತ್ತಿದ್ದವು, ರಾಶಿ ಮಾತ್ರ ಇನ್ನೂ ಮೊಣಕಾಲೆತ್ತರ ಉಳಿದಿತ್ತು. ಕುರುಗೋಡಿನ ಚನ್ನಬಸಮ್ಮನ ಮನೆಯ ಹಿಂದಿನ ತಗಡಿನ ಶೆಡ್ಡಿನ ಮೇಲೆ ಕಾಲವಲ್ಲದ ಮಳೆ ಒಂದೇ ಸಮನೆ ಬಡಿಯುತ್ತಿತ್ತು. ಕರೆಂಟು ಹೋಗಿತ್ತು. ಸಂಜೆ ಐದೂ ಆಗಿರಲಿಲ್ಲ, ಕತ್ತಲು ಆಗಲೇ ಒಳಗೆ ಬಂದಿತ್ತು.

ಬಾಗಿಲ ಬಳಿ ಖಾಲಿ ಚೀಲಗಳ ಮೇಲೆ ಚನ್ನಬಸಮ್ಮನ ತಮ್ಮನ ಮಗ ವಿರೂಪಾಕ್ಷಿ ಕೂತಿದ್ದ. ತುಂಬಿದ ಚೀಲ ಹೇರಿಕೊಂಡು ಹೋಗಲು ಕರೂರಿನಿಂದ ಲಗೇಜ್ ಆಟೊ ತಂದಿದ್ದ. ಮಳೆಯಲ್ಲಿ ಮೆಣಸಿನಕಾಯಿ ಹೇರುವ ಹಾಗಿಲ್ಲ, ಸೋದರತ್ತೆಯ ಮನೆಯಿಂದ ಹೇಳದೆ ಏಳುವ ಹಾಗೂ ಇಲ್ಲ. ಅವನೆದುರಿಗೆ ಅಂಚೆ ಕಚೇರಿಯ ಪೂಜಿತಾ, ಇನ್ನೂ ಬಾಯಿ ಕಟ್ಟದ ಟಪಾಲಿನ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಬಳ್ಳಾರಿ ಬಸ್ಸಿನ ಹಾದಿ ನೋಡುತ್ತಿದ್ದಳು.

“ಯವ್ವಾ, ಈ ಮಳಿಗೆ ಒಂದು ದೆವ್ವದ ಕತಿ ಹೇಳು, ಕೈ ಉರಿ ಮರೀತೈತಿ,” ಎಂದಳು ಕೂಲಿಯ ಮಾರೆಮ್ಮ. “ನಮ್ಮ ಮನ್ಯಾಗಿರೋದನ್ನ ಬಿಟ್ಟು ಹೇಳು ಮತ್ತ. ಅದು ಕುಡದು ಮಲಗೈತಿ.”

ಹೆಂಗಸರು ನಕ್ಕರು. ಚನ್ನಬಸಮ್ಮ ನಗಲಿಲ್ಲ. ಎಂಬತ್ತರ ಹತ್ತಿರದ ಮುದುಕಿ, ತೊಟ್ಟು ಮುರಿಯುವುದನ್ನು ನಿಲ್ಲಿಸದೆ, ಕಣ್ಣನ್ನು ಮಾತ್ರ ಎತ್ತಿ ವಿರೂಪಾಕ್ಷಿಯ ಕಡೆ ನೋಡಿದಳು. ಅವನಿಗೆ ಗೊತ್ತಾಯಿತು, ಕತೆ ಯಾರದೆಂದು.

“ದೆವ್ವ ಅಂತ ಅನಬ್ಯಾಡ್ರಿ. ಅವ ನನ್ನ ತಮ್ಮ... ಕರೂರ ಕರಿಬಸವ ಅಂದ್ರ ಸಿರುಗುಪ್ಪಿಂದ ಆದವಾನಿ ಮಟ ಹೆಸರು. ಹದಿನಾರು ವರ್ಷಕ್ಕ ಸಿರುಗುಪ್ಪದ ಗರಡ್ಯಾಗ ಉಸ್ತಾದನ ಕಾಲು ಹಿಡದ. ಮುಂಜಾನಿ ಸಾಮು, ಹಗಲು ರೈಸ್ ಮಿಲ್ಲಿನ್ಯಾಗ ನೆಲ್ಲಿನ ಚೀಲ ಹೊರಾದು, ಸಂಜಿಗೆ ಮತ್ತ ಕುಸ್ತಿ ಕಣ. ಕೆಂಪು ಮಣ್ಣಿಗೆ ಮಜ್ಜಿಗಿ, ಎಣ್ಣಿ, ಅರಿಷಿಣ ಹಾಕಿ, ಕೂಸಿನ ಮೈ ತಿಕ್ಕಿದಂಗ ತಿಕ್ಕಿ ತಿಕ್ಕಿ ಹದ ಮಾಡತಿದ್ದ. ಇಪ್ಪತ್ತಾರು ವರ್ಷ ಕುಸ್ತಿನೇ ಅವಗ ಕೂಳು ಹಾಕಿತು. ಬಳ್ಳಾರ್ಯಾಗ ಆಡಿದ, ಇದ ಕುರುಗೋಡಾಗ ಬೆಳ್ಳಿ ಕಡಗ ಹಾಕಿಸಿಕೊಂಡ. ಎರಡೂ ಹೆಗಲು ನೆಲಕ್ಕ ಹತ್ತಿದ್ರ ಚಿತ್ ಅಂತಾರ, ಸೋತ ಅಂತಾರ. ಇಪ್ಪತ್ತಾರು ವರ್ಷದಾಗ ಒಮ್ಮೆನಾರ ಅವನ ಬೆನ್ನಿಗೆ ಮಣ್ಣು ಹತ್ತೈತೇನು? ಹತ್ತಿಲ್ಲ! ಬ್ಯಾರೆ ಪೈಲ್ವಾನರು ಗೆದ್ದ ಮ್ಯಾಲೆ ಮಂದಿಗೆ ಮಾರಿ ತೋರಸ್ತಾರ, ನಮ್ಮಾಂವ ನಾಕೂ ದಿಕ್ಕಿಗೆ ತಿರುಗಿ ಬೆನ್ನು ತೋರಸ್ತಿದ್ದ. ನೋಡಕೋರಿ ಅಂತ. ಮನ್ಯಾಗ ಮಲಗಿದ್ರೂ ಮಗ್ಗಲಾಗೇ ಮಲಗಾಂವ, ಅಂಗಾತ ಮಲಗಿದ್ದನ್ನ ನಾ ಅಕ್ಕನಾಗಿ ನೋಡಿಲ್ಲ.”

“ಹೆಂಡ್ತಿ ಏನಂತಿದ್ಲವ್ವಾ?” ಎಂದಳು ಮಾರೆಮ್ಮ.

“ಹೊಸದಾಗಿ ಬಂದಾಗ ಮೂರು ದಿನ ಅತ್ಲು, ನನ್ನ ಕಡಿ ಬೆನ್ನು ಮಾಡತಾನ ಅಂತ. ನಾಕನೇ ದಿನ ಮಗ್ಗಲ ಬದಲಿ ಮಾಡಿದ, ಸುಮ್ಮನಾದ್ಲು.”

ಮತ್ತೆ ನಗು ಎದ್ದಿತು. ಮುದುಕಿಯ ದನಿ ಏರಿತು.

“ನಗರಿ, ನಗರಿ. ಮುಂದಿನದಕ್ಕ ಹೆಂಗ ನಗತೀರಿ ನೋಡ್ತೀನಿ. ಬಳ್ಳಾರ್ಯಾಗ ಒಬ್ಬ ದೊಡ್ಡ ಮನಷ್ಯಾ ಇದ್ದ. ಅವಗ ತನ್ನ ಅಳಿಯನ್ನ ಪೈಲ್ವಾನ ಅನಸೋ ಹುಚ್ಚು. ಕರೂರಿಗೆ ಬಂದು, ನಮ್ಮ ಕಟ್ಟಿ ಮ್ಯಾಲೆ ಕುಂತು, ‘ಕರಿಬಸವಾ, ಒಂದೇ ಸಲ, ಒಂದು ಗಳಿಗಿ ಬೆನ್ನು ಹಚ್ಚು, ನಿನ್ನ ಹೊಟ್ಟಿ ನಾ ನೋಡಕೋತೀನಿ’ ಅಂದ. ಇವ ಏನಂದ? ‘ಸಾವ್ಕಾರ್ರ, ನಮ್ಮ ಪೈಕಿ ಸತ್ತ ಮ್ಯಾಲೂ ಬೆನ್ನು ಹಚ್ಚಂಗಿಲ್ಲ, ಕುಂದ್ರಸೇ ಮಣ್ಣು ಕೊಡ್ತಾರ. ಸತ್ತಾಗ ಹಚ್ಚಲಾರದ್ದನ್ನ ಜೀವ ಇದ್ದಾಗ ಹೆಂಗ ಹಚ್ಚಲಿ?’ ಅಂದ. ಅಷ್ಟ! ಅವತ್ತಿಂದ ಯಾವ ಊರಾಗೂ ಅವನ್ನ ಕುಸ್ತಿಗೆ ಕರೀಲಿಲ್ಲ. ಹಲಗಿ ಬಡಕೊಂತ ಹೊತ್ತು ಮೆರಸಿದ ಮಂದಿನೇ ಹಾದ್ಯಾಗ ಮಾರಿ ತಿರುವಿ ಹೋದ್ರು. ಮೊಣಕಾಲ ಹೋಗೋಮಟ ಮತ್ತ ಚೀಲ ಹೊತ್ತ. ಸೋಲಾಕ ಬರಲಿಲ್ಲಂತ ಒಬ್ಬ ಮನಷ್ಯಾನ್ನ ಇಷ್ಟು ಸೋಲಸಬೇಕೇನ್ರಿ? ಯಾರಿಗಾರ ನಾಚಿಕಿ ಬಂತೇನು?”

ವಿರೂಪಾಕ್ಷಿ ಹೊರಗೆ ಮಳೆಯಲ್ಲಿ ನಿಂತ ಆಟೊವನ್ನು ನೋಡುತ್ತಿದ್ದ. ಇನ್ನು ಬರುವ ಮಾತು ಅವನಿಗೆ ಬಾಯಿಪಾಠವಾಗಿತ್ತು.

“ಆಮ್ಯಾಲೆ ಆ ಹಾಳ ಜಡ್ಡು ಬಂತಲ್ಲ, ಎಲ್ಲಾರೂ ಮಾರಿಗೆ ಬಟ್ಟಿ ಕಟಗೊಂಡು ಓಡ್ಯಾಡಿದ ವರ್ಷ... ಬಳ್ಳಾರ್ಯಾಗ ದವಾಖಾನಿಗೆ ಹಾಕಿದ್ರು, ಐದನೇ ದಿನಕ್ಕ ಹೋದ. ನನ್ನ ಬಿಡಲಿಲ್ಲ, ಸೊಸೀನ್ನ ಬಿಡಲಿಲ್ಲ, ಈ ಮಗ ಒಬ್ಬನ್ನ ದೂರ ನಿಂದ್ರಸಿದ್ರು. ರೂಪನಗುಡಿ ಕಡಿ ಬಯಲಾಗ ಮಿಷಿನ್ನಿಲೆ ಉದ್ದಕ ತೋಡಿದ ಕುಣಿ. ಮೈ ತುಂಬ ಪ್ಲಾಸ್ಟಿಕ್ ಸುತಗೊಂಡ ನಾಕು ಮಂದಿ. ಮಲಗಿಸಿಬಿಟ್ರು! ಅಂಗಾತ! ಎರಡೂ ಹೆಗಲು ಮಣ್ಣಿಗೆ ಹಚ್ಚಿ! ಇಪ್ಪತ್ತಾರು ವರ್ಷ ಯಾವ ಗಂಡಸಿನ ಕೈಲೂ ಆಗಲಾರದ್ದನ್ನ, ಹೆಸರು ಗೊತ್ತಿಲ್ಲದ ನಾಕು ಮಂದಿ ಎರಡು ನಿಮಿಷದಾಗ ಮಾಡಿ ಕೈ ಝಾಡಿಸಿಕೊಂಡು ಹೋದ್ರು. ‘ನಿಮ್ಮ ಪೈಕಿ ಹೆಂಗ ಮಾಡ್ತೀರಿ’ ಅಂತ ಒಂದು ಮಾತು ಕೇಳಿದ್ರ ಬಾಯಿ ಸವೀತಿತ್ತೇನು ಅವರದು?”

ವಿರೂಪಾಕ್ಷಿ ತಾನು ಕೂತ ಚೀಲದ ನೂಲು ಕೀಳತೊಡಗಿದ.

“ಹನ್ನೊಂದನೇ ದಿನಕ್ಕ ಸುರುವಾತು. ಕರೂರಾಗ ಮನಿ ಹಿತ್ತಲದಾಗ ಅವನ ಗರಡಿ ಐತಿ, ಕೀಲಿ ಹಾಕಿದ್ದು ಹಾಕಿದಂಗ ಇತ್ತು. ಸಂಜಿಗೆ ಸಮ ಮಾಡಿಟ್ಟ ಮಣ್ಣಿನ ಮ್ಯಾಲೆ ಮುಂಜಾನಿಗೆ ನೋಡಿದ್ರ ಎರಡು ಹೆಗಲಿನ ಅಚ್ಚು... ಕೆಳಗ ಹಿಮ್ಮಡ ಒತ್ತಿ ಒತ್ತಿ ಬಿದ್ದ ಗುಂಡಿ. ಕೆಳಗ ಸಿಕ್ಕ ಪೈಲ್ವಾನ ಕುತ್ತಿಗಿ ಮ್ಯಾಲೆ ಮೈ ಎತ್ತಿ ಮಗ್ಗಲಕ್ಕ ಹೊಳ್ಳತಾನಲ್ಲ, ಹಂಗ. ಮೈ ಎತ್ಯಾನ... ಹೊಳ್ಳಾಕ ಆಗಿಲ್ಲ. ಹೆಂಗ ಹೊಳ್ಳಬೇಕ್ರಿ? ಎದಿ ಮ್ಯಾಲೆ ಆರು ಅಡಿ ಮಣ್ಣು ಕುಂತೈತಿ! ಸಮ ಮಾಡಿದ್ರ ಮರದಿನ ಮತ್ತ ಅಚ್ಚು. ಇವತ್ತಿಗೂ. ಆ ಮನ್ಯಾಗ ಯಾರಾರ ಅಂಗಾತ ಮಲಗಿದ್ರ ಎದಿ ಭಾರ ಆಗತೈತಿ, ಬಾಯಾಗ ಮಜ್ಜಿಗಿ ಮಣ್ಣಿನ ವಾಸನಿ ಬರತೈತಿ, ಆಮ್ಯಾಲೆ ಕಿವಿ ಹತ್ರ ಒಂದು ದನಿ... ‘ಏಳಾಕ ಬಿಡಲೇ...’”

ಪೂಜಿತಾ ಚೀಲವನ್ನು ಹತ್ತಿರ ಎಳೆದುಕೊಂಡಳು.

“ನನ್ನ ಮಾತು ನಂಬಬ್ಯಾಡ್ರಿ. ಲೇ ವಿರೂಪಾಕ್ಷಿ, ರಾತ್ರಿ ನೀ ಹೆಂಗ ಮಲಗತಿ ಹೇಳು ಇವರಿಗೆ.”

ಅಪ್ಪ ಸತ್ತಾಗಿನಿಂದ ಅವನು ನೆಲಕ್ಕೆ ಬೆನ್ನು ಹಚ್ಚಿರಲಿಲ್ಲ. ಗೋಡೆಗೆ ಒರಗಿ, ಕೂತಲ್ಲೇ ನಿದ್ದೆ ಮಾಡುತ್ತಿದ್ದ. ನಡುನೋವು ಎಂದು ಹೆಂಡತಿಗೆ ಹೇಳಿದ್ದ. ಅತ್ತೆಗೆ ಹೇಳಿರಲಿಲ್ಲ. ಯಾರಿಗೂ ಹೇಳಿರಲಿಲ್ಲ.

“ಹೇಳಂಗಿಲ್ಲ ಅವ. ಕುಣಿ ತಗದು ಕುಂದ್ರಸಾಕ ಅಪ್ಪಣಿ ಕೊಡ್ರಿ ಅಂತ ಬಳ್ಳಾರಿ ಸಾಹೇಬರಿಗೆ ಈ ಪೂಜಿತಾನ ಕೈಲೆ ನಾನೇ ಕಾಗದ ಬರಸೀನಿ. ಮಗನ ಸಹಿ ಒಂದು ಬೇಕು. ಮೂರು ವರ್ಷಾತು! ಕೇಳಿದ್ರ ನಾಳಿ ಅಂತಾನ, ನಾಡದು ಅಂತಾನ. ಮಂದಿ ನಗತಾರಂತ ಅಂಜಿಕಿ ಇರಬೇಕು.”

“ವಿರೂಪಾಕ್ಷಣ್ಣಾ,” ಎಂದಳು ಪೂಜಿತಾ, “ಟಪಾಲಿನೋರು ತಡ ಮಾಡ್ತಾರ ಅಂತ ಊರೆಲ್ಲ ನಮಗ ಬೈತೈತಿ. ನೀ ನಮಗಿಂತ ಜೋರ ಅದಿ ಬಿಡು.”

ವಿರೂಪಾಕ್ಷಿ ಎದ್ದ. ಮಳೆಯಲ್ಲೇ ಆಟೊಗೆ ಹೋಗಿ, ಸೀಟಿನ ಕೆಳಗಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿದ್ದ ಅದೇ ಕಾಗದ ತೆಗೆದುಕೊಂಡು ಬಂದ. ತಲೆಯಿಂದ ನೀರಿಳಿಯುತ್ತಿತ್ತು. ಅಂಜಿಕೆ ನಿಜವೇ, ಆದರೆ ಮಂದಿಯ ನಗೆಯದಲ್ಲ. ಆ ಕಾಗದದ ಒಂದು ಸಾಲು ಮೂರು ವರ್ಷದಿಂದ ಅವನ ಕೈ ಹಿಡಿದಿತ್ತು. ಬಾಗಿಲ ಬೆಳಕಿಗೆ ಹಿಡಿದು ಅದನ್ನೇ ಓದಿದ: “ಕುಟುಂಬದವರನ್ನು ಒಂದು ಮಾತೂ ಕೇಳದೆ ಅಂಗಾತ ಮಲಗಿಸಿ ಹೂಳಿರುತ್ತಾರೆ.”

“ಇದು ಅಬದ್ಧ ಅತ್ತಿ,” ಎಂದ. “ಕೇಳಿದ್ರು.”

ತೊಟ್ಟು ಮುರಿಯುವ ಸದ್ದು ನಿಂತಿತು.

“ನಾಕು ಮಂದ್ಯಾಗ ಒಬ್ಬಾಂವ, ಕಣ್ಣಿನ ಚಾಳೀಸಿನ ಮ್ಯಾಲೆ ಉಗಿ ಕಟ್ಟಿತ್ತು, ನನ್ನ ಕಡಿ ಬಂದು ಕೂಗಿ ಕೇಳಿದ. ‘ನಿಮ್ಮ ಪೈಕಿ ಕುಂದ್ರಸತೀರೋ ಮಲಗಸತೀರೋ? ಕುಂದ್ರಸೋದಾದ್ರ ಕುಣಿ ಬ್ಯಾರೆ ತೋಡತೀವಿ, ಅರ್ಧ ತಾಸು ನಿಲ್ಲರಿ’ ಅಂದ. ನನಗ ಜೀವದ ಅಂಜಿಕಿ ಅತ್ತಿ. ಅಲ್ಲಿ ಗಾಳಿ ಸೈತ ಬ್ಯಾಡಾಗಿತ್ತು. ‘ಹೆಂಗಾರ ಮಾಡ್ರಿ, ಲಗು ಮುಗಸ್ರಿ’ ಅಂದೆ. ನಾನೇ ಅಂದೆ. ಅವರು ಚಿತ್ ಮಾಡಲಿಲ್ಲ ನಮ್ಮಪ್ಪನ್ನ.”

“ಥೂ! ಅರ್ಧ ತಾಸಿಗೆ!” ಎಂದಳು ಮಾರೆಮ್ಮ. “ನಿನ್ನ ಹೊತ್ತು ತಿರುಗಿದ ಅಪ್ಪಗ ಅರ್ಧ ತಾಸು ನಿಂದ್ರಾಕ ಆಗಲಿಲ್ಲೇನಲೇ ನಿನಗ?”

ಚನ್ನಬಸಮ್ಮ ಬೈಯಲಿಲ್ಲ. ಇನ್ನೊಂದು ಮೆಣಸಿನಕಾಯಿ ಎತ್ತಿಕೊಂಡು ತೊಟ್ಟು ಮುರಿದಳು.

“ಗೊತ್ತೈತಿ,” ಎಂದಳು.

“ಯಾರು ಹೇಳಿದ್ರು? ಅಲ್ಲಿ ಮತ್ಯಾರೂ ಇದ್ದಿಲ್ಲ.”

“ಆ ನಾಕು ಮಂದಿ ಇದ್ರು, ನೀ ಇದ್ದಿ... ಮತ್ತ ಒಬ್ಬಾಂವ ಇದ್ದನಲ್ಲೋ. ಮಲಗಿದ್ದ. ಕಿವಿ ಮುಚ್ಚಿದ್ದಿಲ್ಲ ಅವನವು.” ಮುದುಕಿ ಮುರಿದ ತೊಟ್ಟನ್ನು ಅವನ ಕಾಲ ಬಳಿ ಎಸೆದಳು. “ಮೂರು ವರ್ಷ ನಾ ಯಾರ್ಯಾರನ್ನೋ ಬೈಕೊಂತ ಕುಂತೀನಿ, ಒಂದು ದಿನನಾರ ನಿನ್ನ ಬಾಯಿ ಬಿಚ್ಚೀತು ಅಂತ. ಅವನೂ ಅದಕ್ಕ ಕಾದಾನ. ಬರಿ ಈಗ, ಖರೇದ ಬರಿ.”

ವಿರೂಪಾಕ್ಷಿ ಪೂಜಿತಾಳ ಪೆನ್ನು ಇಸಿದುಕೊಂಡ. ಆ ಸಾಲನ್ನು ಹೊಡೆದುಹಾಕಿ, ಮೇಲೆ ಸೊಟ್ಟ ಅಕ್ಷರದಲ್ಲಿ ಬರೆದ: “ಕೇಳಿದ್ದರು. ಮಗನಾದ ನಾನೇ ಬೇಡವೆಂದೆ. ತಪ್ಪು ನನ್ನದು. ನಮ್ಮ ತಂದೆಯನ್ನು ಕೂರಿಸಲು ಅಪ್ಪಣೆ ಕೊಡಿ.” ಸಹಿ ಮಾಡಿದ. ಪೂಜಿತಾ ಕಾಗದವನ್ನು ಲಕೋಟೆಗೆ ಹಾಕಿ, ಅಂಟಿಸಿ, ನಂಬರಿನ ಚೀಟಿ ಹಚ್ಚಿ ಚೀಲದೊಳಗಿಟ್ಟಳು. ಚೀಲದ ಬಾಯಿ ಕಟ್ಟುವಷ್ಟರಲ್ಲಿ ಬಸ್ಸು ಹಾರ್ನ್ ಹೊಡೆಯಿತು. ಸೆರಗು ತಲೆಗೆಳೆದುಕೊಂಡು ಓಡಿದಳು. ಕಂಡಕ್ಟರು ಬಾಗಿಲಲ್ಲಿ ಬಗ್ಗಿ ಚೀಲ ಎತ್ತಿಕೊಂಡ, ಬಸ್ಸು ಕೆಸರು ಹಾರಿಸುತ್ತ ಬಳ್ಳಾರಿಯ ಕಡೆ ಹೊರಟುಹೋಯಿತು.

ವಿರೂಪಾಕ್ಷಿ ಬಂದು ಖಾಲಿ ಚೀಲಗಳ ಮೇಲೆ ಕುಸಿದು ಕೂತ.

“ಇನ್ನ ತಣ್ಣಗಾಗತಾನೇನವ್ವಾ ಅವ?” ಮಾರೆಮ್ಮ ಮೆಲ್ಲಗೆ ಕೇಳಿದಳು.

“ಕಾಗದ ಹೋಗೈತಿ ಅಷ್ಟ. ಸಾಹೇಬರ ಉತ್ತರ ಬರಬೇಕು, ಕುಣಿ ತಗೀಬೇಕು... ಅಲ್ಲೀಮಟ ಅವ ಎಲ್ಲಿ ಕುಂದ್ರಬೇಕು?” ಚನ್ನಬಸಮ್ಮ ವಿರೂಪಾಕ್ಷಿಯನ್ನು ದಾಟಿ, ಅವನ ಹೆಗಲಿನ ಹಿಂದಿನ ಕತ್ತಲನ್ನು ನೋಡುತ್ತಿದ್ದಳು. “ಜರಾ ಆಚಿ ಸರಿಯಲೇ, ವಿರೂಪಾಕ್ಷಿ. ಎದ್ದಂತೂ ಎದ್ದಾನ ನಿಮ್ಮಪ್ಪ. ಆಗಿಂದ ನಿಂತಾನ.”