ದೇವಯ್ಯನ ಬೂಟಿನ ತಪ್ಪಲ್ಲ

ಹಳ್ಳಿಮೈಸೂರಿನ ಮಹಾಜನಗಳೇ! ಮುಂದಿನ ಕುರ್ಚಿಯ ಹಿರಿಯರೇ, ಜಮಖಾನದ ಮೇಲಿನ ತಾಯಂದಿರೇ, ನಾಟಕ ಮಂಡಳಿಯ ಅಧ್ಯಕ್ಷರಾದ ಪಂಚಾಕ್ಷರಯ್ಯನವರೇ, ಅರಕಲಗೂಡಿಗೆ ವರ್ಗವಾಗಿ ಹೊರಟು ನಿಂತ ನಮ್ಮ ಆಸ್ಪತ್ರೆಯ ಸಿಸ್ಟರ್ ರಂಜನಿಯವರೇ, ಸಭಿಕರೇ!

ಬೇಡವೆಂದರೂ ಮೈಕು ಇಟ್ಟಿದ್ದೀರಿ. ಇಪ್ಪತ್ತೆಂಟು ವರ್ಷ ದುರ್ಯೋಧನನಾಗಿ ಗರ್ಜಿಸಿದ ಗಂಟಲಿಗೆ ಮೈಕೇಕೆ? ಸಿಸ್ಟರ್ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಿ ಕೂರು ಎಂದಿದ್ದಾರೆ ಅಧ್ಯಕ್ಷರು. ಆಡುತ್ತೇನೆ. ಆದರೆ ಅವರು ನನ್ನನ್ನು ಉಳಿಸಿದ್ದು ಹೇಗೆಂದು ಹೇಳಹೊರಟರೆ, ನಾನು ಸಾಯಲು ಹೊರಟಿದ್ದು ಹೇಗೆಂದೂ ಹೇಳಬೇಕಾಗುತ್ತದೆ!

ಎರಡು ವರ್ಷದ ಹಿಂದೆ ಹಾಸನದ ಡಾಕ್ಟರ್ ಹರ್ಷವರ್ಧನ್ ನನ್ನ ಎದೆಯ ಸ್ಕ್ಯಾನ್ ನೋಡಿ, “ತಮ್ಮಯ್ಯನವರೇ, ನಿಮ್ಮ ಹೃದಯ ರಕ್ತಾನ ಚೆನ್ನಾಗೇ ತಳ್ತಿದೆ. ಆದ್ರೆ ಸಡಿಲ ಆಗ್ತಿಲ್ಲ, ಸರಿಯಾಗಿ ತುಂಬ್ಕೊಳ್ತಿಲ್ಲ” ಎಂದರು. ನನಗೆ ಹಾರ್ಮೋನಿಯಂ ಕಣ್ಣಿಗೆ ಬಂತು. ತಿದಿ ಬಿಚ್ಚಿಕೊಂಡು ಗಾಳಿ ಎಳೆಯದಿದ್ದರೆ ಸ್ವರ ಎಲ್ಲಿಂದ ಬರಬೇಕು?

“ಇನ್ನೆಷ್ಟು ವರ್ಸ ಸಾ?” ಎಂದೆ.

“ವಯಸ್ಸು ಯಾರ ಕೈಲೂ ಇಲ್ಲ. ಬಿ.ಪಿ., ಶುಗರ್, ಉಪ್ಪು, ತೂಕ, ಮಾತ್ರೆ ನಿಮ್ಮ ಕೈಲಿದೆ. ಕಿಡ್ನಿ ಜೋಪಾನ. ಪದೇ ಪದೇ ಆಸ್ಪತ್ರೆ ಸೇರೋ ಹಾಗೆ ಮಾತ್ರ ಮಾಡ್ಕೋಬೇಡಿ.”

ಉಪ್ಪು ಬಿಟ್ಟೆ. ನನ್ನ ಧರ್ಮಪತ್ನಿ ಕಮಲಾಕ್ಷಮ್ಮ ಉಪ್ಪಿನಕಾಯಿ ಜಾಡಿಯನ್ನೇ ತವರಿಗೆ ಸಾಗಿಸಿದಳು. ಎಲ್ಲವನ್ನೂ ಪಾಲಿಸಿದೆ, ಮೈಯ ನೀರಿಳಿಸುವ ಮಾತ್ರೆಯೊಂದನ್ನು ಬಿಟ್ಟು! ಅದನ್ನು ನುಂಗಿದರೆ ಗಳಿಗೆಗೊಮ್ಮೆ ಎದ್ದು ಓಡಬೇಕು. ಕಿರೀಟ, ಭುಜಕೀರ್ತಿ, ಎದೆಕವಚ ಬಿಗಿದುಕೊಂಡ ಛಲದಂಕಮಲ್ಲ ಕಂದಪದ್ಯವನ್ನು ಅರ್ಧಕ್ಕೆ ಬಿಟ್ಟು ಗೋಡೆಯ ಹಿಂದಕ್ಕೆ ಓಡಿದರೆ ಪಾಂಡವರು ನಗುವುದಿಲ್ಲವೇ? ಹೋದ ವರ್ಷ ಹೊಳೆನರಸೀಪುರದ ಆಟಕ್ಕೆ ಹತ್ತು ದಿನ ಮುಂಚಿನಿಂದ ಮಾತ್ರೆ ನಿಲ್ಲಿಸಿದೆ. ಯಾರಿಗೂ ಹೇಳಲಿಲ್ಲ.

ಆಟದ ದಿನ ಬೂಟು ಕಾಲಿಗೆ ಹತ್ತಲಿಲ್ಲ. ಚನ್ನರಾಯಪಟ್ಟಣದ ತನ್ನ ಅಂಗಡಿಯಿಂದ ನಾಟಕದ ಡ್ರೆಸ್ ಬಾಡಿಗೆಗೆ ತಂದಿದ್ದ ದೇವಯ್ಯನ ಮೇಲೆ ಗುಡುಗಿದೆ: “ಯಾವ ಐಕ್ಳ ಬೂಟ್ ತಂದಿದ್ದೀಯಲಾ?”

“ಓದ್ವರ್ಸ ನೀನೇ ಆಕ್ಕಂಡು ಕುಣ್ದಿದ್ದ ಬೂಟು ಕಣಣ್ಣಾ!”

ಕೇಳಲಿಲ್ಲ. ತುರುಕಿಕೊಂಡು ರಂಗಕ್ಕಿಳಿದೆ. ಎರಡನೆಯ ದೃಶ್ಯದಲ್ಲಿ ಉಸಿರು ಸಿಕ್ಕದೆ ಸಿಂಹಾಸನದಲ್ಲೇ ಕುಸಿದೆ. ಎಂಥಾ ಅಭಿನಯ ಎಂದು ನೀವೆಲ್ಲ ಶಿಳ್ಳೆ ಹೊಡೆದಿರಿ! ಹೊಡೆಯದೆ ಓಡಿ ಬಂದವರು ಸಿಸ್ಟರ್ ಒಬ್ಬರೇ. ಬೂಟು ಕಿತ್ತು ಮೊಣಕಾಲ ಕೆಳಗೆ ಬೆರಳೊತ್ತಿದರು. ಗುಳಿ ಬಿತ್ತು, ಬಿದ್ದ ಗುಳಿ ಏಳಲಿಲ್ಲ.

“ಬೂಟ್ ಚಿಕ್ಕದಾಗಿಲ್ಲ ರೀ, ಕಾಲು ಊದಿದೆ. ಮಾತ್ರೆ ಎಷ್ಟು ದಿನದಿಂದ ಬಿಟ್ರಿ?”

ಹಾಸನದಲ್ಲಿ ಆರು ದಿನ ಮಲಗಿದೆ. ನಿಜವನ್ನು ಅವರೊಬ್ಬರಿಗೇ ಒಪ್ಪಿಕೊಂಡೆ. ಊರಿಗೆ ಹೇಳಿದ್ದೇನು? ದೇವಯ್ಯನ ಬಿಗಿ ಬೂಟು ರಕ್ತ ಕಟ್ಟಿಸಿತು ಎಂದು! ಆ ಮಾತು ನಾಲ್ಕು ತಾಲ್ಲೂಕು ಸುತ್ತಿತು. ಆಮೇಲೆ ದೇವಯ್ಯನನ್ನು ಕರೆದ ಮಂಡಳಿ ಯಾವುದಿದೆ? ನಾವು ಕರೆದೆವೇ?

ಹೋದ ವಾರ ಸಿಸ್ಟರ್ ನನ್ನ ತೋಳಿಗೆ ಬಿ.ಪಿ. ಪಟ್ಟಿ ಸುತ್ತುತ್ತಾ ಕೇಳಿದರು: “ನೀವೇನೋ ಬದುಕ್ಕೊಂಡ್ರಿ. ದೇವಯ್ಯ ಹೇಗೆ ಬದುಕ್ತಿದಾರೆ, ವಿಚಾರಿಸಿದ್ರಾ?” ಆ ದಿನ ನನ್ನ ಬಿ.ಪಿ. ಎಷ್ಟಿತ್ತೆಂದು ಮಾತ್ರ ಕೇಳಬೇಡಿ!

ಸಭಿಕರೇ, ತಪ್ಪು ಬೂಟಿನದಲ್ಲ. ನನ್ನದು. ಸಿಸ್ಟರ್, ಶಾಲು ಹೊದಿಸುವುದು ಅಧ್ಯಕ್ಷರ ಹಕ್ಕು. ನಾನು ಕೊಡಬಲ್ಲದ್ದು ಈ ಒಂದು ಮಾತು. ಕೇಳಿದ ನಿಮಗೆಲ್ಲ ಈ ದುರ್ಯೋಧನ ತಲೆಬಾಗುತ್ತಾನೆ, ನಮಸ್ಕಾರ. ನಾಳೆ ಬೆಳಿಗ್ಗೆ ತೂಕ ನೋಡಿಕೊಂಡು, ಮಾತ್ರೆ ನುಂಗಿ, ಮೊದಲ ಬಸ್ಸಿಗೆ ಚನ್ನರಾಯಪಟ್ಟಣಕ್ಕೆ ಹೊರಡುತ್ತೇನೆ. ದಾರಿಯಲ್ಲಿ ಮೂರು ಸಲ ಬಸ್ಸು ನಿಲ್ಲಿಸಬೇಕಾದೀತು, ಕಂಡಕ್ಟರ್ ಬೈಯಲಿ. ದೇವಯ್ಯನ ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ಅಲ್ಲಿ ನಿಂತು ಕ್ಷಮೆ ಕೇಳುತ್ತೇನೆ. ಈ ವರ್ಷ ದುರ್ಯೋಧನ ಯಾರಾದರೂ ಆಗಲಿ, ಬೂಟು ಮಾತ್ರ ಅವನದೇ ಬೇಕೆಂದು ಹೇಳಿ ಬರುತ್ತೇನೆ!