ಅವರು ಕನ್ನಡಕ ತೆಗೆದಿಟ್ಟ ದಿನ

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕುಳಿತಿರುವ ಅಕ್ಕನವರಿಗೆ, ಅವರ ಇಬ್ಬರು ಹೆಣ್ಣುಮಕ್ಕಳಿಗೆ, ನಮ್ಮ ತರಬೇತಿ ವಿಭಾಗದ ಮ್ಯಾನೇಜರ್ ಸಾಹೇಬರಿಗೆ, ಗಾಡಿ ಬದಿಗೆ ಹಾಕಿ ಬಂದಿರುವ ನನ್ನ ಡ್ರೈವರ್ ಬಂಧುಗಳಿಗೆ — ಎಲ್ಲರಿಗೂ. ಬಾಗಿಲ ಹತ್ತಿರ ನಿಂತವರು ಒಳಗೆ ಬನ್ನಿ, ಕುರ್ಚಿಗಳು ಖಾಲಿ ಇವೆ. ಏನಪ್ಪಾ, ಇಷ್ಟು ದೊಡ್ಡ ಗಾಡಿ ಸಣ್ಣ ಗಲ್ಲಿಗೆ ನುಗ್ಗಿಸುತ್ತೀರಿ, ಎರಡು ಕುರ್ಚಿ ಮಧ್ಯೆ ದಾಟೋಕೆ ಸಂಕೋಚವೇ?

ನನಗೆ ಮೈಕಿನ ಅಭ್ಯಾಸವಿಲ್ಲ. ತಪ್ಪಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಅಕ್ಕನ ಯಜಮಾನರನ್ನು, ನಮ್ಮ ಗುರುವನ್ನು, ನಾವೆಲ್ಲ ಗೂಬಣ್ಣ ಅಂತ ಕರೆಯುತ್ತಿದ್ದೆವು. ಇಂಥ ಶ್ರದ್ಧಾಂಜಲಿ ಸಭೆಯಲ್ಲಿ ಹಾಗೆ ಕರೆದರೆ ಚೆನ್ನಾಗಿರುತ್ತದೆಯೇ ಅಂತ ಬೆಳಿಗ್ಗೆ ಅಕ್ಕನನ್ನೇ ಕೇಳಿದೆ. "ಧಾರಾಳವಾಗಿ ಕರೀರಿ. ನಾನು ಮನೇಲಿ ಅದಕ್ಕಿಂತ ಕೆಟ್ಟದಾಗಿ ಕರೀತಿದ್ದೆ" ಅಂದರು. ಅಂದು ನಕ್ಕರು. ನಕ್ಕು ಸೆರಗು ಬಾಯಿಗೆ ಒತ್ತಿಕೊಂಡರು. ಆದ್ದರಿಂದ ಗೂಬಣ್ಣ ಅಂತಲೇ ಕರೆಯುತ್ತೇನೆ.

ಆ ಹೆಸರು ಬಂದದ್ದು ಹೇಗೆ ಅಂತ ಡ್ರೈವರುಗಳಿಗೆ ಹೇಳಬೇಕಾಗಿಲ್ಲ. ಆದರೆ ಇಲ್ಲಿ ನೆಂಟರಿದ್ದಾರೆ, ಅಕ್ಕಪಕ್ಕದ ಮನೆಯವರಿದ್ದಾರೆ, ಹೆಣ್ಣುಮಕ್ಕಳ ಸ್ನೇಹಿತೆಯರಿದ್ದಾರೆ. ಅವರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮಂಥ ದೊಡ್ಡ ಲಾರಿ ಕಂಪನಿಗೆ ಹೊಸಬ ಸೇರಿದರೆ ಅವನನ್ನು ಒಬ್ಬ ಹಳಬನ ಜೊತೆ ಗಾಡಿ ಹತ್ತಿಸುತ್ತಾರೆ. ಕಾಗದದಲ್ಲಿ ಅದಕ್ಕೆ ತರಬೇತಿ ಅಂತ ಹೆಸರು. ಹೊಸಬ ಓಡಿಸುವಾಗ ಹಳಬ ಸೀಟಿನ ಹಿಂದಿನ ಬರ್ತಿನಲ್ಲಿ ಮಲಗಬೇಕು. ಹಳಬ ಓಡಿಸುವಾಗ ಹೊಸಬ ಮಲಗಬೇಕು. ಗಾಡಿ ಮಾತ್ರ ನಿಲ್ಲಬಾರದು. ಈಗ ನೀವೇ ಹೇಳಿ — ಒಬ್ಬ ಓಡಿಸುತ್ತಿದ್ದಾನೆ, ಇನ್ನೊಬ್ಬ ಮುಸುಕು ಹಾಕಿಕೊಂಡಿದ್ದಾನೆ. ಕಲಿಸುವುದು ಯಾವಾಗ? ಕನಸಿನಲ್ಲಿ ಬಂದು ಕಲಿಸಬೇಕೇ?

ಇನ್ನು ಸಂಬಳ. ನಮಗೆ ಕಿಲೋಮೀಟರ್ ಲೆಕ್ಕ. ಚಕ್ರ ಉರುಳಿದರೆ ಉಂಟು, ನಿಂತರೆ ಇಲ್ಲ. ಗೋದಾಮಿನ ಗೇಟಿನಲ್ಲಿ ಬೆಳಗಿನಿಂದ ಸಂಜೆವರೆಗೆ ಸಾಲಿನಲ್ಲಿ ಕಾದರೂ ಅದು ಕೆಲಸವಲ್ಲ, ವಿಶ್ರಾಂತಿಯಂತೆ! ಆ ಬಿಸಿಲು, ಆ ಹಾರ್ನು, ಮೂತ್ರಕ್ಕೆ ಹೋದರೆ ಸಾಲು ತಪ್ಪುವ ಭಯ — ಇದೆಲ್ಲ ವಿಶ್ರಾಂತಿ. ಹೊಸಬನಿಗೆ ಅದೇ ಕಿಲೋಮೀಟರಿಗೆ ನಮ್ಮ ಅರ್ಧ. ವರ್ಷ ತುಂಬುವ ಮೊದಲು ಬಿಟ್ಟು ಹೋದರೆ ತರಬೇತಿ ಖರ್ಚು ಅಂತ ಕಂಪನಿಗೇ ವಾಪಸ್ ಕಟ್ಟಬೇಕು. ಬಿಡೋಕಾಗಲ್ಲ, ಇರೋಕಾಗಲ್ಲ. ಪ್ರತಿ ತಿಂಗಳೂ ಹೊಸ ಬ್ಯಾಚು ಬರುತ್ತದೆ. ಕಂಪನಿ ಬೆಳೆಯುತ್ತಿದೆ ಅಂತ ನಾವು ಹೆಮ್ಮೆಪಡುತ್ತಿದ್ದೆವು. ಆಮೇಲೆ ಗೊತ್ತಾಯಿತು, ಹಿಂದಿನ ಬ್ಯಾಚು ಖಾಲಿಯಾಗಿದೆ ಅಂತ.

ಸಾಹೇಬರು ನನ್ನನ್ನೇ ನೋಡುತ್ತಿದ್ದಾರೆ. ಸಾಹೇಬರೇ, ನಾಲ್ಕು ಒಳ್ಳೆಯ ಮಾತು ಆಡಿ ಅಂತ ಹೇಳಿ ಕಳಿಸಿದ್ದಿರಿ. ಆಡುತ್ತೇನೆ. ಇವು ಗೂಬಣ್ಣನ ವಿಷಯದಲ್ಲಿ ಒಳ್ಳೆಯ ಮಾತುಗಳೇ.

ಯಾಕೆಂದರೆ ಗೂಬಣ್ಣ ಮಲಗಲಿಲ್ಲ. ಹೊಸಬರು ಸ್ಟೇರಿಂಗ್ ಹಿಡಿದರೆ ಇವರು ಬರ್ತಿಗೆ ಹೋಗುತ್ತಲೇ ಇರಲಿಲ್ಲ. ಪಕ್ಕದ ಸೀಟಿನಲ್ಲಿ ಕನ್ನಡಕ ಏರಿಸಿಕೊಂಡು, ಮೊಣಕಾಲ ಮೇಲೆ ಎರಡೂ ಕೈ ಇಟ್ಟುಕೊಂಡು — ಹೀಗೆ — ಗೂಬೆಯ ಹಾಗೆ ಕಣ್ಣುಬಿಟ್ಟು ಕೂರುತ್ತಿದ್ದರು. ಇಬ್ಬರಿಗೂ ಸುಸ್ತಾದಾಗ ಗಾಡಿಯನ್ನು ಬದಿಗೆ ಹಾಕಿಸುತ್ತಿದ್ದರು. ಒಬ್ಬರು ಬರ್ತಿನಲ್ಲಿ, ಒಬ್ಬರು ಸೀಟಿನಲ್ಲಿ, ನಿಂತ ಗಾಡಿಯಲ್ಲಿ ನಿದ್ದೆ. ಹಾಗಾಗಿ ಅವರ ಗಾಡಿ ಬೇರೆಯವರ ಗಾಡಿಯಷ್ಟು ದೂರ ಓಡುತ್ತಿರಲಿಲ್ಲ. ಕೈಗೆ ಬರುವುದೂ ಅಷ್ಟಕ್ಕಷ್ಟೇ. ಆಫೀಸಿಗೆ ಕರೆಸಿ ಕೇಳಿದರಂತೆ, ನೀವೊಬ್ಬರೇ ಯಾಕೆ ಹೀಗೆ ಅಂತ. ಇವರು ಅಂದರಂತೆ: "ನಾನು ಮಲಗಿದ್ರೆ ನಿಮಗೆ ಇಬ್ಬರು ಡ್ರೈವರ್ ಸಿಕ್ತಾರೆ ಸಾರ್. ಆ ಹುಡುಗನಿಗೆ ಒಬ್ಬ ಗುರುವೂ ಸಿಗಲ್ಲ."

ನಾವು ಶಿಷ್ಯರಾದರೂ ಕೊಂಡಾಡಿದೆವೇ? ಇಲ್ಲ ಸ್ವಾಮಿ. ಹಿಂದಿನಿಂದ ಬೈದೆವು. ನನ್ನ ಜೊತೆ ಸೇರಿದವನು ಬೇರೆ ಗುರುವಿನ ಗಾಡಿಯಲ್ಲಿ ನನಗಿಂತ ಹೆಚ್ಚು ಮನೆಗೆ ಕಳಿಸುತ್ತಿದ್ದ. ಫೋನು ಮಾಡಿ ಉರಿಸುತ್ತಿದ್ದ ಬೇರೆ. ನನ್ನ ಗ್ರಹಚಾರಕ್ಕೆ ಈ ಗೂಬೆಯೇ ಗಂಟುಬೀಳಬೇಕಿತ್ತೇ ಅಂತ ಹಣೆ ಚಚ್ಚಿಕೊಳ್ಳುತ್ತಿದ್ದೆ. ಮನೆಯಲ್ಲಿ ಅಕ್ಕನೂ ಬಿಟ್ಟಿಲ್ಲ. ಅಲ್ಲವಾ ಅಕ್ಕ? — ತಲೆ ಆಡಿಸುತ್ತಿದ್ದಾರೆ, ನೋಡಿ.

ಆದರೆ ಒಂದು ದಿನ ಬರುತ್ತಿತ್ತು. ಇಲ್ಲಿರುವ ಎಷ್ಟೋ ಜನಕ್ಕೆ ಆ ದಿನ ಗೊತ್ತು. ನೀವು ಓಡಿಸುತ್ತಿರುವಾಗ, ಏನೂ ಹೇಳದೆ, ಗೂಬಣ್ಣ ಕನ್ನಡಕ ತೆಗೆದು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಕುತ್ತಿಗೆ ಹಿಂದೆ ಟವೆಲ್ ಮಡಿಸಿ ಇಟ್ಟುಕೊಳ್ಳುತ್ತಿದ್ದರು. ಆಮೇಲೆ ಗೊರಕೆ. ಅಷ್ಟೇ! ನೀವು ಪಾಸು. ಕಂಪನಿ ಕೊಡುವ ಸರ್ಟಿಫಿಕೇಟು ಯಾರ ಮನೆಯಲ್ಲಿ ಎಲ್ಲಿದೆಯೋ ದೇವರಿಗೇ ಗೊತ್ತು. ಆ ಗೊರಕೆ ಮಾತ್ರ ನಮ್ಮ ಕಿವಿಯಲ್ಲಿದೆ.

ನಾನು ಕಳ್ಳಾಟ ಆಡಿದ್ದೆ. ಹೇಗಾದರೂ ಮಾಡಿ ಮಲಗಿಸೋಣ ಅಂತ. ಊಟವಾದ ಮೇಲೆ ಕಿಟಕಿ ಏರಿಸಿದೆ, ಹಾಡು ಸಣ್ಣಗೆ ಹಾಕಿದೆ, ತೊಟ್ಟಿಲು ತೂಗಿದ ಹಾಗೆ ಗಾಡಿ ಬಿಟ್ಟೆ. ತಲೆ ಒಂದು ಕಡೆಗೆ ವಾಲಿತು. ಕಣ್ಣು ಮುಚ್ಚಿತು. ಗೆದ್ದೆ ಅಂದುಕೊಂಡೆ. ಕಣ್ಣು ಮುಚ್ಚಿಕೊಂಡೇ ಹೇಳಿದರು: "ಜೋಗುಳ ಸಾಕು. ಮುಂದೆ ಇಳಿಜಾರು, ಗೇರ್ ಇಳಿಸು." ಆ ಮನುಷ್ಯನನ್ನು ಏಮಾರಿಸುವುದು ಆಗದ ಮಾತು. ನಂಬಿಕೆ ಬರದೆ ನಿದ್ದೆ ಬರುತ್ತಿರಲಿಲ್ಲ ಅವರಿಗೆ.

ನಿಜವಾಗಿ ಮಲಗಿ ಎದ್ದ ದಿನ, ಬಾಯಿ ಒರೆಸಿಕೊಂಡು ಕೇಳಿದರು, "ಎಲ್ಲಿದೀವಿ?" ಅಂತ. ಅದುವರೆಗೂ ಅವರು ಅದನ್ನು ಕೇಳಿಯೇ ಇರಲಿಲ್ಲ, ಅವರಿಗೆ ಯಾವಾಗಲೂ ಗೊತ್ತಿರುತ್ತಿತ್ತು. ಊರಿನ ಹೆಸರನ್ನು ನಾನು ಎರಡೆರಡು ಸಲ ಹೇಳಿದೆ.

ಈಗ... ಸ್ವಲ್ಪ ನೀರು ಕೊಡಿ. ಹಾಂ, ಸಾಕು.

ಈಗ ಕಷ್ಟದ ಮಾತು.

ಕೊನೆಯ ಸಾಲಿನಲ್ಲಿ, ಗೋಡೆಗೆ ಆನಿಕೊಂಡು ಒಬ್ಬ ಹೆಣ್ಣುಮಗಳು ಕೂತಿದ್ದಾಳೆ. ತಿರುಗಿ ನೋಡಬೇಡಿ, ದಯವಿಟ್ಟು. ಈ ಬ್ಯಾಚಿನವರು ಅವಳನ್ನು ಟೈಲರಮ್ಮ ಅನ್ನುತ್ತಾರೆ. ಬಟ್ಟೆ ಕಾರ್ಖಾನೆಯಲ್ಲಿ ಅಂಗಿಯ ಕಾಲರ್ ಹೊಲಿಯುತ್ತಿದ್ದಳು. ಕಾರ್ಖಾನೆ ಮುಚ್ಚಿದ ಮೇಲೆ ಮಕ್ಕಳನ್ನು ತಾಯಿಯ ಹತ್ತಿರ ಬಿಟ್ಟು, ಲೈಸೆನ್ಸ್ ಮಾಡಿಸಿ ಇಲ್ಲಿಗೆ ಬಂದಳು. ಗೂಬಣ್ಣ ಕಲಿಸಿದ ಕೊನೆಯ ಡ್ರೈವರು ಅವಳು.

ಆ ದಿನ ಅವಳು ಓಡಿಸುತ್ತಿದ್ದಾಗ, ಒಂದು ಸೇತುವೆ ದಾಟಿದ ಮೇಲೆ, ಹಾಡುಹಗಲಿನಲ್ಲಿ, ಗೂಬಣ್ಣ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. ಟವೆಲ್ ಮಡಿಸಿದರು. ಗೊರಕೆ ಶುರುವಾಯಿತು.

ಬಂಧುಗಳೇ, ನಿಮಗೆ ಗೊತ್ತು ಅವಳಿಗೆ ಏನಾಗಿರಬೇಕು ಅಂತ. ನಮಗೆಲ್ಲ ಆದದ್ದೇ. ಹಾಡು ನಿಲ್ಲಿಸಿದಳಂತೆ. ರಸ್ತೆಯ ಪ್ರತಿಯೊಂದು ಉಬ್ಬಿಗೂ ಗಾಡಿ ನಿಧಾನ ಮಾಡಿದಳಂತೆ, ಎಚ್ಚರವಾಗಬಾರದು ಅಂತ. ಸ್ವಲ್ಪ ಹೊತ್ತಿನ ಮೇಲೆ ಗೊರಕೆ ನಿಂತಿತು. ಗಾಢ ನಿದ್ದೆ ಅಂದುಕೊಂಡಳು. ಯಾರಾದರೂ ಅದನ್ನೇ ಅಂದುಕೊಳ್ಳುತ್ತಿದ್ದರು. ನಾನೂ ಅಂದುಕೊಳ್ಳುತ್ತಿದ್ದೆ. ಸಂತೋಷವಾಗಿ, ಬಾಯಿಯೊಳಗೇ ಉತ್ತರ ಅಭ್ಯಾಸ ಮಾಡುತ್ತಾ ಬಂದಳು, ಎಲ್ಲಿದೀವಿ ಅಂತ ಕೇಳಿದರೆ ಹೇಗೆ ಹೇಳುವುದು ಅಂತ. ಗೋದಾಮಿನ ಗೇಟಿನಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ, ಅವಳೇ ಕರೆದಳು. ಅಣ್ಣ, ಬಂದ್ವಿ ಅಂದಳು. ಮತ್ತೆ ಕರೆದಳು.

ಅವರು ಏಳಲಿಲ್ಲ.

ಮಾರನೆಯ ದಿನವೇ ಟೈಲರಮ್ಮ ಕೀಲಿಯನ್ನು ಆಫೀಸಿನ ಮೇಜಿನ ಮೇಲೆ ಇಟ್ಟಳು. ಇನ್ನು ಮುಂದೆ ಸ್ಟೇರಿಂಗ್ ಮುಟ್ಟುವುದಿಲ್ಲ ಅಂದಳು. "ನಾನು ಖುಷಿಯಾಗಿದ್ದೆ ಅಣ್ಣ. ಅವರು ಹೋಗ್ತಿದ್ರು, ನಾನು ಪಕ್ಕದಲ್ಲಿ ಖುಷಿಯಾಗಿದ್ದೆ" — ನನ್ನ ಹತ್ತಿರ ಅವಳು ಆಡಿದ್ದು ಇದೊಂದೇ ಮಾತು. ಅವಳಿಗೆ ಕೊಡಬೇಕಾದ ಉತ್ತರವನ್ನು ಇವತ್ತು ಹೇಳುತ್ತಿದ್ದೇನೆ.

ಸಾಹೇಬರೇ, ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. — ಇಲ್ಲ, ಇದೆ. ಆಫೀಸಿನಲ್ಲಿ ನೀವು ಒಂದು ಮಾತು ಅಂದಿರಿ. ಪಕ್ಕದಲ್ಲಿ ಮನುಷ್ಯ ಸತ್ತಿದ್ದೇ ಗೊತ್ತಾಗದವಳು ರಸ್ತೆ ಏನು ನೋಡ್ತಾಳೆ ಅಂತ. ಅವಳು ರಸ್ತೆಯನ್ನೇ ನೋಡುತ್ತಿದ್ದಳು ಸಾರ್. ಅದಕ್ಕೇ ಪಕ್ಕದ್ದು ಗೊತ್ತಾಗಲಿಲ್ಲ. ಅದನ್ನೇ ಅಲ್ಲವೇ ಅವರು ಕಲಿಸಿದ್ದು? ಅಷ್ಟು ಸರಕು ಹೊತ್ತ ಗಾಡಿ ಒಂದು ಗೀರು ಬೀಳದೆ ಗೇಟಿಗೆ ಬಂತು. ಕ್ಯಾಬಿನ್ನಿನ ಕ್ಯಾಮೆರಾ ನೋಡಿದ್ದೀರಿ, ನನಗೂ ತೋರಿಸಿದಿರಿ. ನಾವು ಆಕಳಿಸಿದರೆ ಹಿಡಿಯುವುದಕ್ಕೆ ಇಟ್ಟಿರುವ ಕ್ಯಾಮೆರಾ ಅದು. ಅದರಲ್ಲಿ ನೀವು ಒಬ್ಬ ಮನುಷ್ಯ ಸಾಯುವುದನ್ನು ನೋಡಿದಿರಿ. ನಾನು ಅವರು ಕನ್ನಡಕ ತೆಗೆಯುವುದನ್ನು ನೋಡಿದೆ. ಆತುರವಿಲ್ಲದೆ, ಕಡ್ಡಿ ಮಡಚಿ, ಜೇಬಿಗೆ ಹಾಕಿ, ಒಮ್ಮೆ ಅವಳ ಕೈ ನೋಡಿ, ಟವೆಲಿಗೆ ತಲೆ ಆನಿಸಿದರು. ನೋವಿನ ಗುರುತೇ ಇಲ್ಲ. ನಿದ್ದೆಯಲ್ಲೇ ಹೃದಯ ನಿಂತಿದೆ, ಪಕ್ಕದಲ್ಲಿ ಡಾಕ್ಟರಾದ ನಾನೇ ಕೂತಿದ್ದರೂ ಗೊತ್ತಾಗುತ್ತಿರಲಿಲ್ಲ ಅಂತ ಡಾಕ್ಟರೇ ಅಕ್ಕನಿಗೆ ಹೇಳಿದ್ದಾರೆ.

ತಂಗಿ, ಕೇಳಿಸಿಕೋ. ಮೊದಲು ನಿದ್ದೆ ಬಂತು. ಆಮೇಲೆ ಉಳಿದದ್ದು. ನಿನ್ನ ಮೇಲೆ ನಂಬಿಕೆ ಇಲ್ಲದಿದ್ದರೆ ಆ ಮನುಷ್ಯ ಕಣ್ಣು ಮುಚ್ಚುತ್ತಲೇ ಇರಲಿಲ್ಲ, ಎದೆನೋವು ಬಂದರೂ ಗೇರ್ ಇಳಿಸು ಅನ್ನುತ್ತಿದ್ದರು. ಊರೂರು ಸುತ್ತಿದ ಜೀವ, ನಿದ್ದೆಗೆಟ್ಟ ಜೀವ. ಅದು ಕೊನೆಗೆ ನೆಮ್ಮದಿಯಾಗಿ ಒರಗಿದ್ದು ನಿನ್ನ ಗಾಡಿಯಲ್ಲಿ. ಅದಕ್ಕೆ ಖುಷಿಪಟ್ಟೆ ಅಂತ ನೀನು ಸಂಕಟಪಡಬೇಡ. ಆ ಖುಷಿ ಅವರೇ ಕೊಟ್ಟದ್ದು.

ಇಲ್ಲಿ ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ಗೂಬಣ್ಣನ ಜಾಗಕ್ಕೆ ಬಾ, ಹೊಸಬರಿಗೆ ಕಲಿಸು ಅಂತ ಕಂಪನಿ ನನ್ನನ್ನು ಕರೆದಿದೆ. ಹೋದವಾರ ಒಲ್ಲೆ ಅಂದಿದ್ದೆ. ಇವತ್ತು ಒಪ್ಪುತ್ತೇನೆ. ನಾನೂ ಬರ್ತಿನಲ್ಲಿ ಮಲಗುವವನಲ್ಲ, ಅದನ್ನು ಈಗಲೇ ಹೇಳಿಬಿಡುತ್ತೇನೆ. ಹೊಸಬರಿಗೆ ಅರ್ಧ ಕೊಟ್ಟು ಇಡೀ ರಾತ್ರಿ ಓಡಿಸುವ ಲೆಕ್ಕವನ್ನು, ಸಾಹೇಬರೇ, ನೀವು ಬದಲಾಯಿಸುವವರೆಗೆ ತಿಂಗಳಿಗೊಮ್ಮೆ ನಿಮ್ಮ ಬಾಗಿಲಲ್ಲಿ ನಿಂತಿರುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಸಂಜೆ ನನ್ನ ಗಾಡಿ ಹೊರಡುತ್ತದೆ. ಟೈಲರಮ್ಮ ಒಪ್ಪಿದರೆ ಅವಳೇ ಓಡಿಸಲಿ. ನಾನು ಪಕ್ಕದಲ್ಲಿ ಕೂರುತ್ತೇನೆ, ಊರು ದಾಟುವ ಮೊದಲೇ ನಿದ್ದೆ ಮಾಡುತ್ತೇನೆ. ಅವಳಿಗೆ ಧೈರ್ಯ ಹೇಳೋಕೆ ಮಾಡುವ ನಾಟಕವಲ್ಲ. ನನಗೆ ನಿಜವಾಗಿಯೂ ಸುಸ್ತಾಗಿದೆ, ಅವಳ ಕೈ ಚೆನ್ನಾಗಿದೆ.

ಈಗ ಎಲ್ಲರೂ ಎದ್ದು ನಿಂತು, ಮಾತಿಲ್ಲದೆ, ನಮ್ಮ ಗುರುವನ್ನು ನೆನೆಯೋಣ ಅಂತ —

ಒಂದು ನಿಮಿಷ. ಕುಳಿತಿರಿ, ಯಾರೂ ಏಳಬೇಡಿ.

ಅಕ್ಕ ತಮ್ಮ ಪಕ್ಕದ ಕುರ್ಚಿಯ ಮೇಲಿದ್ದ ಬ್ಯಾಗು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು. ಹಿಂದಕ್ಕೆ ತಿರುಗಿ ನೋಡುತ್ತಿದ್ದಾರೆ. ಕೈ ಮಾಡಿ ಕರೆಯುತ್ತಿದ್ದಾರೆ.

ತಂಗಿ, ಅಕ್ಕ ಕರೆಯುತ್ತಿದ್ದಾರೆ. ಬಾಮ್ಮ. ದಾರಿ ಬಿಡ್ರಪ್ಪ ಅವಳಿಗೆ. ಅಳುತ್ತಲೇ ಬಾ, ಪರವಾಗಿಲ್ಲ, ಇಲ್ಲಿ ಯಾರೂ ನಗುತ್ತಿಲ್ಲ. ನೀನು ಬಂದು ಅವರ ಪಕ್ಕ ನಿಲ್ಲು. ಆಮೇಲೆ ನಾವೆಲ್ಲರೂ ಏಳುತ್ತೇವೆ.