ಹೊತ್ತೊಯ್ಯಿರಿ ಎಂದವನಿಗೆ ಗೋರಿ ಕಟ್ಟಿದರು

ಐಗುಪ್ತದಲ್ಲಿ, ಅಂದರೆ ಈಜಿಪ್ಟಿನಲ್ಲಿ, ಅರಸನ ಮಂತ್ರಿಯಾಗಿದ್ದು ಸಾಯುವಾಗ ಬೈಬಲಿನ ಯೋಸೇಫನಿಗೆ ಏನು ಕಡಿಮೆಯಿತ್ತು, ಹೇಳಿ. ಬೇಕಾದಂಥ ಗೋರಿ ಕಟ್ಟಿಸಿಕೊಳ್ಳಬಹುದಿತ್ತು. ಅವನು ಅದನ್ನು ಕೇಳಲಿಲ್ಲ. ತನ್ನ ಅಣ್ಣತಮ್ಮಂದಿರನ್ನು ಕರೆದು, ದೇವರು ನಿಮ್ಮನ್ನು ನಮ್ಮ ನಾಡಿಗೆ ಕರೆದೊಯ್ಯುವುದು ಖಂಡಿತ, ಹೊರಡುವಾಗ ನನ್ನ ಎಲುಬುಗಳನ್ನು ಇಲ್ಲಿ ಬಿಡಬೇಡಿ ಎಂದ. ಈ ಮಾತು ನಮ್ಮ ತಲೆಗೆ ಎಷ್ಟು ಹೋಗಿದೆಯೋ ಕಾಣೆ. ಒಂದು ಕಥೆ ಹೇಳುತ್ತೇನೆ.

ಹತ್ತಿ ಬೆಳೆಯುವ ಸೀಮೆಯ ಒಂದೂರಲ್ಲಿ ಒಬ್ಬ ಶ್ರೀಮಂತ, ನಮ್ಮ ಹಾಗೆಯೇ ಕ್ರೈಸ್ತ ಸಭೆಗೆ ಸೇರಿದವನು. ಪ್ಲೇಗು ಬಂತು. ಊರಿಗೆ ಊರೇ ಖಾಲಿಯಾಯಿತು. ಇವನೂ ಹೆಂಡತಿ, ಇಬ್ಬರು ಗಂಡುಮಕ್ಕಳನ್ನು ಗಾಡಿಯಲ್ಲಿ ಕೂರಿಸಿಕೊಂಡು ದೂರದ ಪೇಟೆಗೆ ಬಂದ. ಅಲ್ಲೇ ಹಾಸಿಗೆ ಹಿಡಿದ. ಪ್ರಾಣ ಹೋಗುವ ಮುಂಚೆ ಹೆಂಡತಿಯ ಕೈ ಹಿಡಿದು ಹೇಳಿದ, "ದೇವ್ರು ನಿಮ್ಮನ್ನ ಊರಿಗೆ ಕರಕೊಂಡು ಹೋಗೇ ಹೋಗ್ತಾನ. ಹೋಗೂಮುಂದ ನನ್ನ ಇಲ್ಲಿ ಬಿಟ್ಟು ಹೋಗಬ್ಯಾಡ್ರಿ. ಮಾತು ಕೊಡು." ಅವಳು ಕೊಟ್ಟಳು.

ಮಕ್ಕಳು ಒಳ್ಳೆಯವರು, ಅಪ್ಪನೆಂದರೆ ಜೀವ. ಮರದ ಪೆಟ್ಟಿಗೆಯಲ್ಲಿಟ್ಟು ಮಣ್ಣು ಮಾಡಿದರು. ಆಮೇಲೆ ಸುತ್ತ ಕಟ್ಟೆ ಕಟ್ಟಿದರು. ಆಮೇಲೆ ಕಲ್ಲಿನ ಗೋರಿ, ಅದಕ್ಕೊಂದು ಕಬ್ಬಿಣದ ಬೇಲಿ. ಅಪ್ಪನ ಕೊನೆಯ ಮಾತನ್ನೇ ಕಲ್ಲಿನಲ್ಲಿ ಕೆತ್ತಿಸಿದರು: ನನ್ನನ್ನು ಇಲ್ಲಿ ಬಿಟ್ಟು ಹೋಗಬೇಡಿ. ನೋಡಿ, ನಗು ಬರುತ್ತದೆ ಅಲ್ಲವೇ? ನಗಬೇಡಿ. ವರ್ಷ ವರ್ಷ ಆ ಕಲ್ಲಿನ ಮುಂದೆ ಮೇಣದಬತ್ತಿ ಹಚ್ಚಿ, ಪೇಟೆಯ ಜನಕ್ಕೆ ಊಟ ಹಾಕಿ, ಕಣ್ಣೊರೆಸಿಕೊಂಡು ಮನೆಗೆ ಬರುತ್ತಿದ್ದರು.

ಊರಿನಿಂದ ಸುದ್ದಿ ಬಂತು. ಬೇನೆ ಹೋಯಿತು, ಜನ ವಾಪಸು ಬಂದಿದ್ದಾರೆ, ದೇವಾಲಯದ ಬಾಗಿಲು ತೆಗೆದಿದ್ದಾರೆ. ತಾಯಿ ಗಾಡಿ ಹೂಡಲು ಹೇಳಿದಳು. ದೊಡ್ಡ ಮಗ ತಲೆ ತಗ್ಗಿಸಿದ.

"ಯವ್ವಾ, ಅಪ್ಪನ್ನ ಬಿಟ್ಟು ಹ್ಯಾಂಗ ಹೋಗೂದು?"

"ಬಿಡ್ರಿ ಅಂತ ಯಾರಂದ್ರು? ಒಯ್ಯೂಣು."

"ಇಷ್ಟು ಚಂದ ಕಟ್ಟಿಸಿದ ಗೋರಿ ಒಡ್ಯೂದಾ? ಮಂದಿ ಏನಂದಾರು?"

"ಮಂದೀಗೆ ನಾ ಮಾತು ಕೊಟ್ಟಿಲ್ಲ. ನಿಮ್ಮಪ್ಪಗ ಕೊಟ್ಟೀನಿ. ನಾನೂ ನಾಳೆ ಸಾಯಾಕಿ, ಅವರ ಮುಂದ ಯಾವ ಮಾರಿ ಹೊತ್ತು ನಿಲ್ಲಲಿ?"

ಅಷ್ಟು ಹೇಳಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಾರೆ ಹಿಡಿದಳು. ಮೊದಲ ಏಟು ಆ ಕೆತ್ತಿದ ಕಲ್ಲಿಗೇ ಹಾಕಿದಳು. ಮಕ್ಕಳು ಹೋ ಎಂದು ಅತ್ತರು. ಕಡೆಗೆ ದೊಡ್ಡವನೇ ಅಮ್ಮನ ಕೈಯಿಂದ ಹಾರೆ ತೆಗೆದುಕೊಂಡ. ಸಂಜೆಯ ಹೊತ್ತಿಗೆ ಪೆಟ್ಟಿಗೆ ಗಾಡಿಯಲ್ಲಿತ್ತು. ಅವರು ಊರು ಸೇರಿದರು, ಅಪ್ಪನೂ ಸೇರಿದ.

ಈಗ ನಿಮ್ಮ ಕಡೆ ಬರುತ್ತೇನೆ. ಹೊಸ ವರ್ಷಕ್ಕೆ ಬೈಬಲಿನ ವಚನ ಬರೆದ ವಾಗ್ದಾನದ ಚೀಟಿ ಎತ್ತಿ ಫ್ರೇಮು ಹಾಕಿಸಿದವರು ಎಷ್ಟು ಜನ ಇಲ್ಲಿ? ಫ್ರೇಮು ಒರೆಸಿದ್ದೀರಿ, ವಾಗ್ದಾನ ನಂಬಿ ಒಂದು ಹೆಜ್ಜೆ ಇಟ್ಟಿದ್ದೀರಾ? ವಾಗ್ದಾನ ಇರುವುದು ಹೊರಡುವವರಿಗೆ, ಕೂತು ಹೊಗಳುವವರಿಗಲ್ಲ. ಇಲ್ಲಿ ಕೂತವರಲ್ಲೇ ಒಬ್ಬರಿಗೆ ಹೇಳುತ್ತೇನೆ, ನಿಮ್ಮ ತಾಯಿ ಸಾಯುವಾಗ ತಂಗಿಯನ್ನು ಕೈಬಿಡಬೇಡ ಎಂದು ಮಾತು ತೆಗೆದುಕೊಂಡಳಲ್ಲ? ವರ್ಷಕ್ಕೊಮ್ಮೆ ತಾಯಿಯ ಹೆಸರಲ್ಲಿ ಊಟ ಹಾಕುತ್ತೀರಿ. ತಂಗಿಯನ್ನು ಆ ಊಟಕ್ಕೆ ಕರೆಯುತ್ತೀರಾ? ಈ ಸಲ ಊಟ ಬೇಡ. ಇಲ್ಲಿಂದ ನೆಟ್ಟಗೆ ಅವಳ ಮನೆಗೆ ಹೋಗಿ. ಅವಳು ಬೈದರೆ ಬೈಸಿಕೊಳ್ಳಿ, ಬಾಗಿಲು ತೆಗೆಯುವವರೆಗೆ ನಿಂತಿರಿ. ದೇವರು ತನ್ನ ಮಾತು ನಡೆಸುತ್ತಾನೆ, ಅದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ನೀವು ಕೊಟ್ಟ ಮಾತನ್ನು ಇವತ್ತು ನೀವು ನಡೆಸಿ.